ನಾಚಿಮುತ್ತುವಿನ ಹಳದಿ

ಕೊಯಮತ್ತೂರಿನ ಆವಾರಂಪಾಳ್ಯದ ವರ್ಕ್‌ಶಾಪ್ ಓಣಿಗೆ ಈಗ ಹೋದರೆ ಏನಿದೆ, ಮಣ್ಣು! ಕೇಕಿನ ಅಂಗಡಿ, ಜಿಮ್ಮು, ಮಕ್ಕಳ ಬಟ್ಟೆಯ ಅಂಗಡಿ. ಕಬ್ಬಿಣ ಹೆರೆಯುವ ಲೇಥುಗಳೆಲ್ಲ ಊರಾಚೆಗೆ ಗುಳೆ ಎದ್ದು ಹೋದವು. ಆಗ ಹಾಗಲ್ಲ. ಬೆಳಿಗ್ಗೆ ಎಂಟೂವರೆಗೆ ಓಣಿಯ ಬಾಯಲ್ಲಿ ನಿಂತರೆ ಸಾಕು, ಯಾವ ಶೆಡ್ಡಿನಲ್ಲಿ ಬೀಡು ಕಬ್ಬಿಣ ಹೆರೆಯುತ್ತಿದ್ದಾರೆ, ಯಾವುದರಲ್ಲಿ ಉಕ್ಕು ಎಂದು ಕಿವಿಯಲ್ಲೇ ಹೇಳಬಹುದಿತ್ತು. ಹನ್ನೊಂದಕ್ಕೆ ಟೀ ಬರುತ್ತಿತ್ತು, ಜೊತೆಗೆ ಕಾಗದವೆಲ್ಲ ಎಣ್ಣೆಯಾಗುವ ಮಸಾಲ ವಡೆ. ಆ ವಡೆಯ ಎಣ್ಣೆಯೋ ಮೆಷಿನ್ನಿನ ಎಣ್ಣೆಯೋ, ಸಂಜೆ ಮನೆಗೆ ಹೋದರೆ ಹೆಂಡತಿಯರು ದೂರದಿಂದಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಆ ಓಣಿಯಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು. ಯಾರದೇ ಶೆಡ್ಡಾಗಲಿ, ಕಂಪ್ಯೂಟರ್ ಲೇಥಿಗೆ ಹೊಸ ಪ್ರೋಗ್ರಾಂ ಕಳಿಸುವ ಮುಂಚೆ ಪಕ್ಕದಲ್ಲಿದ್ದವರು ಕೇಳಲೇಬೇಕು, "ಹಳದಿ ಬಂತಾ?" ಬರೆದವರು "ಬಂತು" ಎಂದ ಮೇಲೇ ಗುಂಡಿ ಒತ್ತುವುದು. ಎಷ್ಟೋ ಜನಕ್ಕೆ ಅದು ಎಲ್ಲಿಂದ ಬಂತೆಂದೇ ಗೊತ್ತಿರಲಿಲ್ಲ. ಅದು ಬಂದದ್ದು ನಾಚಿಮುತ್ತುವಿನಿಂದ.

ನಾಚಿಮುತ್ತು ವೇಲವನ್ ಇಂಜಿನಿಯರಿಂಗಿನಲ್ಲಿ ಪಂಪ್‌ಸೆಟ್ಟಿನ ಶಾಫ್ಟು ಹೆರೆಯುವ ಟರ್ನರ್. ಐ.ಟಿ.ಐ. ಮುಗಿಸಿ ಹತ್ತೊಂಬತ್ತಕ್ಕೇ ಕೈಲೇಥಿಗೆ ನಿಂತವರು. ಎದೆ ಬಡಿತದ ಹಾಗೆ ಅದರ ಸದ್ದು ಅವರಿಗೆ ಒಳಗೇ ಇತ್ತು. ವಯಸ್ಸು ನಲವತ್ತು ಸಮೀಪಿಸಿದಾಗ ಶೆಡ್ಡಿನ ಒಡೆಯರಾದ ಮುದಲಾಳಿ ವರದರಾಜುಲು ಕಂಪ್ಯೂಟರ್ ಲೇಥು ತಂದು ಇಳಿಸಿದರು. ಉಳಿದ ಟರ್ನರುಗಳು ಅದಕ್ಕೆ ಹಿಡಿಶಾಪ ಹಾಕುತ್ತ ಕೂತರು. ನಾಚಿಮುತ್ತು ಮಾತ್ರ ಮಧ್ಯಾಹ್ನದ ಅಕ್ಕಿಬೇಳೆ ಅನ್ನವನ್ನು ಗಬಗಬ ನುಂಗಿ, ಅದರ ದಪ್ಪ ಇಂಗ್ಲಿಷ್ ಪುಸ್ತಕವನ್ನು ನಿಘಂಟಿಟ್ಟುಕೊಂಡು ಓದಿದರು. ಆರು ತಿಂಗಳಲ್ಲಿ ಆ ಶೆಡ್ಡಿನ ಪ್ರೋಗ್ರಾಂ ಬರೆಯುವ ಸುತ್ತುವ ಕುರ್ಚಿ ಅವರದಾಯಿತು. ಇಪ್ಪತ್ತು ವರ್ಷ ನಿಂತೇ ದುಡಿದ ಕಾಲಿಗೆ ಕುರ್ಚಿ ಸಿಕ್ಕಿದರೆ ಹೇಗಿರುತ್ತದೆ ಎಂದು ನಿಂತವರನ್ನೇ ಕೇಳಬೇಕು. ಸಂಬಂಧಿಕರ ಮದುವೆಗೆ ಹೋದರೂ "ನಾನೀಗ ಕೂತು ಕೆಲಸ ಮಾಡೋದು" ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದರು.

ಆ ಲೇಥಿನ ಭಾಷೆ ದೊಡ್ಡದೇನಲ್ಲ. ಜಿ-ಜೀರೋ ಎಂದು ಬರೆದರೆ ಹೆರೆಯುವ ಉಳಿ, ಅಂದರೆ ಟೂಲು, ಗಾಳಿಯಲ್ಲಿ ಓಡುತ್ತದೆ. ಜಿ-ಒನ್ ಎಂದರೆ ನಿಧಾನವಾಗಿ ಕಬ್ಬಿಣ ಹೆರೆಯುತ್ತದೆ. ಎಡವಟ್ಟು ಇರುವುದು ಇಲ್ಲಿ: ಒಮ್ಮೆ ಓಡು ಎಂದರೆ, ಹೆರೆ ಎಂದು ಹೇಳುವ ತನಕ ಅದು ಓಡುತ್ತಲೇ ಇರುತ್ತದೆ. ಬರೆಯುವವರು ನಡುವೆ ಜಿ-ಒನ್ ಮರೆತರೆ ಟೂಲು ಓಡಿಹೋಗಿ ತಿರುಗುತ್ತಿರುವ ಶಾಫ್ಟಿಗೆ ಗುದ್ದುತ್ತದೆ. ಎರಡು ಸಾವಿರದ ನಾಲ್ಕರಲ್ಲಿ ಒಂದು ಮಂಗಳವಾರ ನಾಚಿಮುತ್ತು ಮರೆತರು. ಢಮಾರ್ ಎಂದಿತು. ಟೂಲಿನ ಚೂರೊಂದು ಆಪರೇಟರ್ ಸೆಲ್ವಂ ಕಿವಿಯ ಪಕ್ಕ ಹಾದು ತಗಡಿನ ಗೋಡೆಯಲ್ಲಿ ನಾಟಿಕೊಂಡಿತು. ಸೆಲ್ವಂ ನಗುತ್ತ "ಕಿವಿ ಇದೆ ಅಣ್ಣ, ಎಣಿಸ್ಕೊಂಡೆ, ಎರಡೂ ಇವೆ" ಎಂದ. ನಾಚಿಮುತ್ತುವಿಗೆ ನಗು ಬರಲಿಲ್ಲ.

ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಬಣ್ಣ ಇತ್ತು, ಇಲ್ಲದೆ ಏನು. ಆದರೆ ಸಾಫ್ಟ್‌ವೇರಿನವರ ಭಾಷೆಗಳಿಗೆ ಮಾತ್ರ. ಅವರು ಬರೆದರೆ ಪರದೆ ಹೋಳಿ ಆಡುತ್ತಿತ್ತು, ಲೇಥಿನ ಸಾಲು ಬರೆದರೆ ಬರೀ ಕರಿ ಇರುವೆ. "ನಮ್ದೇನು ಭಾಷೆ ಅಲ್ವಾ?" ಎಂದು ರೇಗಿ ಮೆನುಗಳನ್ನೆಲ್ಲ ಜಾಲಾಡಿದಾಗ, ಒಂದು ಮೂಲೆಯಲ್ಲಿ ನಿಮ್ಮ ಭಾಷೆಗೆ ನೀವೇ ನಿಯಮ ಬರೆದುಕೊಳ್ಳಿ ಎಂಬ ಕಿಟಕಿ ಸಿಕ್ಕಿತು. ಯಾವ ಪದಕ್ಕೆ ಯಾವ ಬಣ್ಣ ಎಂದು ಹೇಳಿದರಾಯಿತು, ಅದು ಕೇಳುತ್ತದೆ. ನಾಚಿಮುತ್ತು ಮಗುವಿಗೆ ಹೆಸರಿಡುವವರಂತೆ ಕೂತರು.

ಬಣ್ಣದ ವಿಷಯದಲ್ಲಿ ಅವರ ಗುರು ಹೆಂಡತಿ ದೈವಾನೈ. ನೂಲಿನ ಗಿರಣಿಯಲ್ಲಿ ಬಣ್ಣದ ನೂಲನ್ನು ಕೋನಿಗೆ ಸುತ್ತುವ ಕೆಲಸ ಅವಳದು. ಒಂದೇ ಬಣ್ಣದ ಹದಿನಾರು ಛಾಯೆ ಬೇರ್ಪಡಿಸುವ ಕಣ್ಣು. ಗಂಡ ಬಣ್ಣಗಳನ್ನು ಕಾಗದದ ಮೇಲೆ ಮುದ್ರಿಸಿ ತಂದು ತೋರಿಸಿದರು.

"ಏನ್ರೀ ಇದು ಹಸಿರು, ಧರ್ಮಾಸ್ಪತ್ರೆ ಗೋಡೆ ಥರ!"

"ಚಕ್ ತಿರುಗೋದಕ್ಕೆ ಕಣೇ, ಶಾಫ್ಟನ್ನ ಕಚ್ಚಿ ಹಿಡಿಯುತ್ತಲ್ಲ ಅದು."

"ತಿರುಗೋದಕ್ಕೆ ಬಾಳೆ ಸುಳಿ ಹಸಿರು ಹಾಕಿ, ಜೀವ ಇರುತ್ತೆ. ತಂಪು ಎಣ್ಣೆ ಬಿಡೋದಕ್ಕೆ ನೀಲಿ. ಹೆರೆಯೋದಕ್ಕೆ?"

"ಅದೇ ಮುಖ್ಯ. ಹೊಟ್ಟೆಪಾಡು ಅದೇ."

"ಹಾಗಾದ್ರೆ ಅರಿಶಿನ. ಒಳ್ಳೇದು ಶುರು ಮಾಡೋವಾಗ ಇನ್ನೇನ್ ಹಚ್ತಾರೆ?"

ಬಿಳಿ ಪರದೆಗೆ ಎದ್ದು ಕಾಣುವ ಗಟ್ಟಿ ಅರಿಶಿನ ಆರಿಸಿದ್ದೂ ಅವಳೇ. ಓಟದ ಜಿ-ಜೀರೋಗೆ ಕೆಂಪು ಎಂಬುದರಲ್ಲಿ ಜಗಳವೇ ಇರಲಿಲ್ಲ. ಆದರೆ ನಾಚಿಮುತ್ತುವಿನ ತಲೆಬೇನೆ ಬೇರೆ. ಬರೆದ ಪದಕ್ಕೆ ಬಣ್ಣ ಹಚ್ಚಬಹುದು. ಬರೆಯಲು ಮರೆತ ಪದಕ್ಕೆ ಹಚ್ಚುವುದು ಹೇಗೆ? ಸೆಲ್ವಂನ ಕಿವಿ ಹೋಗಬೇಕಾಗಿದ್ದದ್ದು ಇಲ್ಲದ ಪದದಿಂದಲ್ಲವೇ?

ದೈವಾನೈ ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದಳು, "ನಮ್ ಗಿರಣೀಲಿ ನೂಲು ಕಡಿದ್ರೆ ಕೆಂಪು ದೀಪ ಹತ್ತುತ್ತೆ. ಗಂಟು ಬೀಳೋ ತನಕ ಆರಲ್ಲ. ನಿಮ್ ಕಂಪ್ಯೂಟ್ರಿಗೂ ಹಾಗೇ ಹೇಳಕ್ಕಾಗಲ್ವಾ?"

ಆಗುತ್ತಿತ್ತು! ಇಲ್ಲಿಂದ ಇಲ್ಲಿಯವರೆಗೆ ಒಂದೇ ಬಣ್ಣ ಎಂಬ ನಿಯಮವೂ ಆ ಕಿಟಕಿಯಲ್ಲಿತ್ತು. ಜಿ-ಜೀರೋ ಬಂದರೆ ಕೆಂಪು ಶುರು, ಜಿ-ಒನ್ ಬರುವ ತನಕ ಪ್ರತಿ ಸಾಲೂ ಕೆಂಪು, ಜಿ-ಒನ್ ಬಂದೊಡನೆ ಅರಿಶಿನ. ಮರೆತರೋ, ಕೆಂಪು ಪರದೆಯ ತಳದವರೆಗೂ ಹರಿಯುತ್ತದೆ. ಕುರುಡನಿಗೂ ಕಾಣಬೇಕು ಎಂದು ನಾಚಿಮುತ್ತು ಬೀಗಿದರು. ಆ ಮಾತಾಡುವಾಗ ಅವರಿಗೆ ನಲವತ್ತೈದು.

ಅಂದಿನಿಂದ ಆ ಶೆಡ್ಡಿನಲ್ಲಿ ಒಂದು ಟೂಲೂ ಗುದ್ದಲಿಲ್ಲ. ಸುದ್ದಿ ಓಣಿಯಲ್ಲಿ ಹರಡಿತು. ಪಕ್ಕದ ಶೆಡ್ಡಿನವರು, ಎದುರಿನವರು, ಆಮೇಲೆ ಗಣಪತಿ, ಸಿಂಗಾನಲ್ಲೂರು ಬಡಾವಣೆಗಳ ಕಡೆಯವರೂ ಪೆನ್ ಡ್ರೈವ್ ಹಿಡಿದುಕೊಂಡು "ಅಣ್ಣ, ಆ ಬಣ್ಣದ ಫೈಲು ಸ್ವಲ್ಪ" ಎಂದು ಬರುತ್ತಿದ್ದರು. ನಾಚಿಮುತ್ತು ಕೊಡುವಾಗ ಪ್ರತಿ ಬಣ್ಣಕ್ಕೂ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದರು. ಫೈಲು ಪುಕ್ಕಟೆ, ಭಾಷಣ ಕಡ್ಡಾಯ. ಈಗಿನ ಎಡಿಟರುಗಳು ನೀವು ಬಾಯಿ ತೆರೆಯುವ ಮೊದಲೇ ಎಲ್ಲವನ್ನೂ ತಾವೇ ಊಹಿಸಿ ಬಣ್ಣ ಬಳಿದಿಟ್ಟಿರುತ್ತವಂತೆ. ಬಳಿಯಲಿ ಬಿಡಿ. ಹೆಂಡತಿಯ ಜೊತೆ ಒಲೆಯ ಮುಂದೆ ಕೂತು ಅರಿಶಿನವೋ ಕುಂಕುಮವೋ ಎಂದು ಜಗಳವಾಡಿ ಹಚ್ಚಿದ ಬಣ್ಣದ ಸುಖ ಅವುಗಳಿಗೇನು ಗೊತ್ತು.

ಒಂಬತ್ತು ವರ್ಷ ಹೀಗೆ ಹೋಯಿತು. ಆಮೇಲೆ ಒಂದು ದಿನ ನಾಚಿಮುತ್ತುವಿಗೆ ನೀಲಿ ಮಂಕಾಗಿ ಕಂಡಿತು. ಮಾನಿಟರ್ ಹಳೆಯದಾಯಿತು ಎಂದರು. ಮುದಲಾಳಿ ಹೊಸದು ಕೊಡಿಸಿದರು. ಹೊಸದರಲ್ಲೂ ನೀಲಿ ಮಂಕೇ. ಆಗ ಅವರಿಗೆ ಒಳಗೇ ಗೊತ್ತಾಯಿತು. ಆದರೆ ಬಾಯಿ ಬಿಡಲಿಲ್ಲ. ಎದುರು ಶೆಡ್ಡಿನ ಪ್ರೋಗ್ರಾಮರ್ ಕುಪ್ಪಣ್ಣನಿಗೆ ಕಣ್ಣು ಮಂಜಾದಾಗ ಅವನನ್ನು ಪ್ಯಾಕಿಂಗಿಗೆ ಹಾಕಿ, ಡಿಪ್ಲೊಮಾ ಮಾಡಿದವರೊಬ್ಬರನ್ನು ಕುರ್ಚಿಗೆ ತಂದಿದ್ದರು. ಅಷ್ಟು ಚೆನ್ನಾಗಿ ಬರೆಯುತ್ತಿದ್ದ ಕುಪ್ಪಣ್ಣ ರಟ್ಟಿನ ಡಬ್ಬಿಗೆ ಟೇಪು ಸುತ್ತುವುದನ್ನು ನಾಚಿಮುತ್ತು ದಿನಾ ನೋಡುತ್ತಿದ್ದರು. ವರದರಾಜುಲು ಮೇಜಿನ ಮೇಲೂ ಡಿಪ್ಲೊಮಾದವರ ಅರ್ಜಿಗಳ ಕಟ್ಟು ಇದ್ದೇ ಇತ್ತು. ಒಂದು ತಿಂಗಳು ಆಪರೇಷನ್ನು ಎಂದು ಮನೆಯಲ್ಲಿ ಕೂತರೆ ಕುರ್ಚಿ ಉಳಿಯುತ್ತದೆಯೇ?

ಹಾಗಾಗಿ ಕಣ್ಣಿಗೆ ಮಾಡಬೇಕಾದ ಚಿಕಿತ್ಸೆಯನ್ನು ಫೈಲಿಗೆ ಮಾಡತೊಡಗಿದರು. ನೀಲಿಯನ್ನು ನವಿಲಿನ ಕತ್ತಿಗಿಂತ ಗಾಢ ಮಾಡಿದರು. ಅಕ್ಷರ ದಪ್ಪ ಮಾಡಿದರು. ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆಂದು ಕಪ್ಪು ಮಾಡಿದರು. ಅಕ್ಷರ ಇನ್ನೂ ದೊಡ್ಡದು ಮಾಡಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪರದೆಯ ಮೇಲೆ ಎಂಟೇ ಸಾಲು ಹಿಡಿಸುತ್ತಿದ್ದವು, ಒಂದೊಂದೂ ಸಿನಿಮಾ ಪೋಸ್ಟರಿನಂತೆ.

ಅದೇ ಕಂಪ್ಯೂಟರಿನಲ್ಲಿ ಅಳತೆಯ ಪಟ್ಟಿ ತೆಗೆಯುತ್ತಿದ್ದವಳು ಮರಗದಂ. ತಯಾರಾದ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಾಸು ಫೇಲು ಹೇಳುವ ಇನ್‌ಸ್ಪೆಕ್ಷನ್ ಕೆಲಸ. ಮೂವತ್ತೆಂಟರ ಹೆಂಗಸು, ನಾಲಗೆ ಟೂಲಿಗಿಂತ ಚೂಪು. ಪ್ರೋಗ್ರಾಂ ಓದುವುದನ್ನು ನಾಚಿಮುತ್ತುವೇ ಕಲಿಸಿದ್ದರು.

"ಏನಣ್ಣ ಇದು, ಪರದೆ ಹೀಗೆ ಕಿರುಚ್ತಾ ಇದೆ? ಓಣಿ ತುದಿಯಿಂದ ಓದ್ಬಹುದು."

"ಈಗಿನ ಫ್ಯಾಷನ್ ಕಣಮ್ಮ."

"ಯಾರ ಫ್ಯಾಷನ್ನು, ಸರ್ಕಸ್ಸಿನವರದಾ?"

ಅಷ್ಟು ಹೇಳಿ, ತಲೆನೋವಿನ ಮುಲಾಮು ಹಚ್ಚಿಕೊಂಡು ಅದೇ ಪರದೆಯಲ್ಲಿ ಕೆಲಸ ಮಾಡುತ್ತಿದ್ದಳು. ಬಣ್ಣದ ಕಿಟಕಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಮುಟ್ಟಲಿಲ್ಲ.

ಎರಡು ಸಾವಿರದ ಹದಿನೇಳರ ಆಡಿ ತಿಂಗಳು, ನಮ್ಮ ಆಷಾಢ. ದೊಡ್ಡ ಪಂಪ್ ಕಂಪನಿಯೊಂದರ ಇಬ್ಬರು ಶೆಡ್ಡು ನೋಡಲು ಬಂದಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ವರದರಾಜುಲು ಅವರನ್ನು ನೇರ ನಾಚಿಮುತ್ತುವಿನ ಕುರ್ಚಿಯ ಹಿಂದೆ ತಂದು ನಿಲ್ಲಿಸಿದರು.

"ಇವರೇ ನಮ್ಮ ನಾಚಿಮುತ್ತು. ಇವರು ಬಣ್ಣ ಹಚ್ಚಿದ ಮೇಲೆ ನಮ್ಮಲ್ಲಿ ಟೂಲು ಗುದ್ದಿಲ್ಲ, ಹದಿಮೂರು ವರ್ಷ ಆಯ್ತು."

ನಾಚಿಮುತ್ತು ಅವರ ಮುಂದೆಯೇ ಮಾದರಿ ಶಾಫ್ಟಿನ ಪ್ರೋಗ್ರಾಂ ಟಪಟಪ ಬರೆದು ಮುಗಿಸಿದರು. ಸೆಲ್ವಂ ಅತ್ತ ಮೆಷಿನ್ನಿನ ಮುಂದೆ ತಯಾರಾಗಿ ನಿಂತಿದ್ದ. ಮರಗದಂ ಅಳತೆ ಪಟ್ಟಿ ಹಿಡಿದು ಬಂದವಳು ಪರದೆ ನೋಡಿದಳು. ಎಂಟಕ್ಕೆ ಎಂಟೂ ಸಾಲು ಕೆಂಪು. ತಳದವರೆಗೂ ಕೆಂಪು ಹರಿದಿತ್ತು. ನಡುವೆ ಜಿ-ಒನ್ ಇರಲೇ ಇಲ್ಲ.

ಆದರೂ ವಾಡಿಕೆಯ ಮಾತನ್ನೇ ಕೇಳಿದಳು, "ಅಣ್ಣ, ಹಳದಿ ಬಂತಾ?"

"ಬಂತಮ್ಮ. ಕಣ್ಣೆದುರಿಗೇ ಇದ್ಯಲ್ಲ" ಎಂದರು ನಾಚಿಮುತ್ತು ಗತ್ತಿನಿಂದ, ಅತಿಥಿಗಳಿಗೆ ಕೇಳುವ ಹಾಗೆ. ಕಪ್ಪಿನ ಮೇಲೆ ಕೆಂಪೂ ಹಳದಿಯೂ ಅವರಿಗೆ ಒಂದೇ ಬಗೆಯ ತುಕ್ಕಾಗಿ ಎಷ್ಟೋ ತಿಂಗಳಾಗಿತ್ತು. ಅವರ ಬೆರಳು ಕಳಿಸುವ ಗುಂಡಿಯ ಮೇಲಿತ್ತು.

ಮರಗದಂ ಮುಂದೆ ಬಂದು ನೆಲದ ಮೇಲೆ ಲೇಥಿಗೆ ಹೋಗುತ್ತಿದ್ದ ಕೇಬಲ್ಲಿಗೆ ಕಾಲು ಕೊಟ್ಟು ಎಳೆದಳು. ಅದು ಕಿತ್ತು ಬಂತು. ಅವಳ ಕೈಯಲ್ಲಿದ್ದ ಪಟ್ಟಿಯ ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಕಣ್ಣು ಕಾಣಲ್ವೇನಮ್ಮ ನಿಂಗೆ? ದೊಡ್ಡವರು ಬಂದಾಗಲೇ ಈ ಅವಾಂತರ ಮಾಡ್ಬೇಕಾ?" ವರದರಾಜುಲು ಎಲ್ಲರ ಮುಂದೆ ಗದರಿದರು.

"ಇಲ್ಲ ಮುದಲಾಳಿ, ಕಾಣ್ಲಿಲ್ಲ. ತಪ್ಪಾಯ್ತು. ಕೇಬಲ್ಲಿನ ಪಿನ್ನು ಬಗ್ಗಿದೆ, ಸರಿ ಮಾಡಕ್ಕೆ ಹತ್ತು ನಿಮಿಷ ಬೇಕು."

ಮುದಲಾಳಿ ಮುಖ ಗಂಟಿಕ್ಕಿಕೊಂಡು ಅತಿಥಿಗಳನ್ನು ಟೀಗೆ ಕರೆದುಕೊಂಡು ಹೋದರು. ಅವರು ಹೋದ ಮೇಲೆ ಮರಗದಂ ನಾಚಿಮುತ್ತುವಿನ ಭುಜದ ಹಿಂದಿನಿಂದ ಕೈ ಚಾಚಿ, ಬಿಟ್ಟುಹೋಗಿದ್ದ ಜಿ-ಒನ್ ಒತ್ತಿದಳು.

"ಈಗ ಬಂತಣ್ಣ ಹಳದಿ. ಆಗ ಎಂಟು ಸಾಲೂ ಕೆಂಪಿತ್ತು."

ನಾಚಿಮುತ್ತು ತಿರುಗಿ ನೋಡಿದರು. ಮೊದಲು ಬಂದದ್ದು ಸಿಟ್ಟು. "ನನಗೇ ಬಣ್ಣ ಹೇಳಿಕೊಡ್ತೀಯಾ? ಆ ಬಣ್ಣ ಮಾಡಿದೋನೇ ನಾನು!"

"ಹಾಗಂತ ಅಲ್ಲಿ ನಿಂತಿರೋ ಸೆಲ್ವಂನ ಕಿವಿಗೆ ಹೇಳ್ಲಾ?"

ಆ ಒಂದು ಮಾತಿಗೆ ನಾಚಿಮುತ್ತುವಿನ ಸಿಟ್ಟು ಸೋರಿಹೋಯಿತು. ಮೆಷಿನ್ನಿನ ಬಳಿ ಸೆಲ್ವಂ ಏನೂ ಗೊತ್ತಿಲ್ಲದೆ ಹಾಡು ಗುನುಗುತ್ತಿದ್ದ. ಅವನ ಕಿವಿಯನ್ನೇ ನೋಡುತ್ತ ನಾಚಿಮುತ್ತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಂಗೆ ಕಾಣ್ತಿಲ್ಲಮ್ಮ ಮರಗದಂ. ಪ್ಯಾಕಿಂಗಿಗೆ ಹಾಕಿಬಿಡ್ತಾರೆ."

"ಯಾರೂ ಹಾಕಲ್ಲ. ನಾಳೇನೇ ಆಸ್ಪತ್ರೆಗೆ ಹೋಗಿ. ಮುದಲಾಳಿಗೆ ಬೆನ್ನು ನೋವು ಅನ್ನಿ, ಮನೆಯಿಂದಲೇ ಬರೆದು ಮರಗದಂ ಕೈಲಿ ಕಳಿಸ್ತೀನಿ ಅನ್ನಿ. ಉಳಿದದ್ದು ನಾನು ನೋಡ್ಕೋತೀನಿ."

"ನೀನು ಬರೀತೀಯಾ?"

"ಇಷ್ಟು ವರ್ಷ ನಿಮ್ ಭಾಷಣ ಕೇಳಿದ್ದು ಸುಮ್ನೆನಾ?"

ಆ ಊರಲ್ಲಿ ಕಣ್ಣಿನ ಆಸ್ಪತ್ರೆಗೇನು ಬರವೇ. ಒಂದು ಕಣ್ಣಿನ ಪೊರೆ ತೆಗೆದರು, ಮೂರು ವಾರ ಬಿಟ್ಟು ಇನ್ನೊಂದರದು. ಆರು ವಾರ ನಾಚಿಮುತ್ತು ಹಸಿರು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಒದ್ದಾಡಿದರು. ಮರಗದಂ ಪ್ರತಿ ಸಂಜೆ ಪೆನ್ ಡ್ರೈವ್ ಹಿಡಿದು ಬಂದು, ದೈವಾನೈ ಕೊಟ್ಟ ಕಾಫಿ ಕುಡಿದು, ಓಣಿಯ ಚಾಡಿಯೆಲ್ಲ ಹೇಳಿ ಹೋಗುತ್ತಿದ್ದಳು. ಪೆನ್ ಡ್ರೈವಿನಲ್ಲಿ ಏನೂ ಇರುತ್ತಿರಲಿಲ್ಲ. ಅವಳು ಹೋದ ಮೇಲೆ ನಾಚಿಮುತ್ತು ಹೆಂಡತಿಯೊಡನೆ ಗೊಣಗಿದ್ದೂ ಉಂಟು, "ಇಷ್ಟು ಚೆನ್ನಾಗಿ ನಡೀತಿದ್ರೆ ಮುದಲಾಳಿ ಅವಳನ್ನೇ ಕೂರಿಸ್ತಾನೆ ನೋಡು." ದೈವಾನೈ ಗಂಡನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು. ಆಮೇಲೆ ಎಷ್ಟೋ ವರ್ಷ ಆ ಮಾತು ನೆನೆದು ನಾಚಿಮುತ್ತು ನಾಚಿದ್ದುಂಟು.

ಮತ್ತೆ ಕೆಲಸಕ್ಕೆ ಹೋದ ದಿನ ಮರಗದಂ ಇನ್ನೂ ಬಂದಿರಲಿಲ್ಲ. ಕುರ್ಚಿ ಖಾಲಿ ಇತ್ತು. ನಾಚಿಮುತ್ತು ಕೂತು ಕಂಪ್ಯೂಟರ್ ಹಾಕಿದರು. ಅಯ್ಯಪ್ಪಾ! ಕಪ್ಪಿನ ಮೇಲೆ ನೀಲಿ, ಹಸಿರು, ಹಳದಿ ಒಟ್ಟಿಗೆ ಮೈಮೇಲೆ ಬಿದ್ದವು. ಹೊಸ ಕಣ್ಣಿಗೆ ನೀರು ಬಂತು. ಇದನ್ನು ನಾಲ್ಕು ವರ್ಷ ಮರಗದಂ ಹೇಗೆ ತಡೆದುಕೊಂಡಳು? ಈ ಆರು ವಾರವಾದರೂ ಅವಳು ತನ್ನ ಕಣ್ಣಿಗೆ ಹೊಂದುವಂತೆ ಬದಲಿಸಿಕೊಳ್ಳಬಹುದಿತ್ತು. ಒಂದು ಬಣ್ಣವನ್ನೂ ಮುಟ್ಟಿರಲಿಲ್ಲ. ಫೈಲು ನಾಚಿಮುತ್ತುವಿನದು.

ಅವಳು ಬರೆದ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆರೆದರು. ಇಪ್ಪತ್ತಮೂರು ಇದ್ದವು. ತಪ್ಪು ಹುಡುಕಿದರು, ಸುಳ್ಳು ಯಾಕೆ ಹೇಳಬೇಕು, ಆಸೆಯಿಂದಲೇ ಹುಡುಕಿದರು. ಸಿಗಲಿಲ್ಲ. ಎರಡು ಕಡೆ ಅವರಿಗಿಂತ ಜಾಣತನದಿಂದ ಬರೆದಿದ್ದಳು. ಆಗ ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಬೂದು ಬಣ್ಣದ ಒಂದು ಸಾಲು ಕಂಡಿತು. ಬರೆದವರ ಹೆಸರು ಹಾಕಬೇಕೆಂಬುದು ಮುದಲಾಳಿಯ ಕಟ್ಟಪ್ಪಣೆ. ಕಪ್ಪಿನ ಮೇಲಿನ ಆ ಬೂದು ಅವರಿಗೆ ಕಂಡೇ ವರ್ಷಗಳಾಗಿದ್ದವು. ಈಗ ಸ್ಪಷ್ಟವಾಗಿ ಓದಿದರು. ಬರೆದವರು: ನಾಚಿಮುತ್ತು. ಎರಡನೆಯದು ತೆರೆದರು. ಬರೆದವರು: ನಾಚಿಮುತ್ತು. ಇಪ್ಪತ್ತಮೂರರಲ್ಲೂ ಅದೇ.

ಮೊದಲನೆಯದರಿಂದ ಶುರು ಮಾಡಿ ತಮ್ಮ ಹೆಸರು ಅಳಿಸಿ ಅವಳ ಹೆಸರು ಬರೆಯುತ್ತ ಹೋದರು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಮರಗದಂ ಹಿಂದೆ ಬಂದು ನಿಂತಿದ್ದಳು.

"ಅಣ್ಣ, ಏನ್ ಮಾಡ್ತಿದ್ದೀರಿ! ಬೇಡ, ಮುದಲಾಳಿ ನೋಡಿದ್ರೆ ನಿಮ್ ಕುರ್ಚಿ..."

"ನೋಡ್ಲಿ ಅಂತಲೇ."

ಇಪ್ಪತ್ತಮೂರನ್ನೂ ಮುಗಿಸಿ, ಹಾಳೆಗಳ ಮೇಲೆ ಮುದ್ರಿಸಿ, ಮುದಲಾಳಿಯ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟರು. ವರದರಾಜುಲು ಹೆಸರು ಓದಿ ಕನ್ನಡಕ ತೆಗೆದರು.

"ಹಾಗಾದ್ರೆ ಈ ಆರು ವಾರ ನೀವು ಏನ್ ಬರೆದ್ರಿ?"

"ಒಂದಕ್ಷರ ಬರೀಲಿಲ್ಲ. ಕಣ್ಣು ಆಪರೇಷನ್ ಮಾಡಿಸ್ಕೊಂಡೆ. ನಾಲ್ಕು ವರ್ಷದಿಂದ ನಂಗೆ ಕಣ್ಣು ಸರಿಯಿರ್ಲಿಲ್ಲ, ನಿಮಗೆ ಮುಚ್ಚಿಟ್ಟೆ. ಆವತ್ತು ಕೇಬಲ್ ಕಾಲಿಗೆ ಸಿಕ್ಕಿದ್ದಲ್ಲ ಮುದಲಾಳಿ. ಅವಳು ಎಳೆಯದೆ ಇದ್ದಿದ್ರೆ ಸೆಲ್ವಂ ಇವತ್ತು ಇರ್ತಿದ್ನೋ ಇಲ್ವೋ. ನೀವು ಬೈದದ್ದು ನನಗೆ ಬರಬೇಕಾದದ್ದು." ನಾಚಿಮುತ್ತು ಹಾಳೆಗಳನ್ನು ಮುದಲಾಳಿಯ ಹತ್ತಿರಕ್ಕೆ ಸರಿಸಿದರು. "ಕುರ್ಚಿ ಅವಳಿಗೆ ಕೊಡಿ. ನನ್ನನ್ನ ಎಲ್ಲಿ ಹಾಕ್ತೀರೋ ಹಾಕಿ."

ವರದರಾಜುಲು ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ತಿರುವಿದರು. ಡಿಪ್ಲೊಮಾದವರ ಅರ್ಜಿಯ ಕಟ್ಟನ್ನು ಎತ್ತಿ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು. ಆಮೇಲೆ ಹೊರಗೆ ಕೇಳುವ ಹಾಗೆ ಕೂಗಿದರು.

"ಯಾರಲ್ಲಿ? ಪ್ರೋಗ್ರಾಂ ರೂಮಿಗೆ ಇನ್ನೊಂದು ಕುರ್ಚಿ ತಂದ್ ಹಾಕ್ರೋ!"

ಬಾಗಿಲ ಮರೆಯಿಂದ ಮರಗದಂ ದನಿ ಬಂತು. ಅಳುತ್ತಿದ್ದಳು, ಆದರೂ ನಾಲಗೆ ಸುಮ್ಮನಿರಬೇಕಲ್ಲ.

"ಪ್ಲಾಸ್ಟಿಕ್ದು ಬೇಡ ಮುದಲಾಳಿ. ಅಣ್ಣನ ಕುರ್ಚಿ ಥರ ಸುತ್ತೋದೇ ಬೇಕು."